ಮಳೆಗಾಲದಲ್ಲೂ ಮಾತು ಕೇಳಬೇಕು: ಕರಾವಳಿಯ ಮನೆಗೆ ಹೋಮ್ ಥಿಯೇಟರ್ ಸ್ಪೀಕರ್ ನಾವೇ ಕಟ್ಟುವ ಬಗೆ

ಉಡುಪಿಯಿಂದ ಮಲ್ಪೆಗೆ ಹೋಗುವ ದಾರಿಯ ಬದಿಯಲ್ಲಿ ನಮ್ಮ ಮನೆ. ಆಟಿ ತಿಂಗಳ (ಜುಲೈ-ಆಗಸ್ಟ್) ರಾತ್ರಿ ಸಿನಿಮಾ ಹಾಕಿದರೆ ಅಮ್ಮ ಐದು ನಿಮಿಷಕ್ಕೊಮ್ಮೆ ಕೇಳುತ್ತಿದ್ದರು, "ಎಂತ ಹೇಳಿದ್ದು ಅವ?" ಅಂಗಳದ ತಗಡಿನ ಚಪ್ಪರದ ಮೇಲೆ ಮಳೆ ಒಂದೇ ಸಮನೆ ಬಡಿಯುತ್ತಿರುವಾಗ ಟಿವಿಯೊಳಗಿನ ಮಾತು ಅದರಡಿ ಹೂತುಹೋಗುತ್ತಿತ್ತು. ವಾಲ್ಯೂಮ್ ಏರಿಸಿದರೆ ಮುಂದಿನ ಹೊಡೆದಾಟದ ದೃಶ್ಯಕ್ಕೆ ಅದೇ ಅಮ್ಮ, "ಕಡಿಮೆ ಮಾಡು ಮಾರಾಯ, ತಲೆ ಸಿಡೀತದೆ" ಎನ್ನುತ್ತಿದ್ದರು. ಅಂಗಡಿಯಿಂದ ತಂದ ಪುಟ್ಟ ಸ್ಪೀಕರ್‌ಗಳ ಸೆಟ್ಟು ಕಿಟಕಿ ನಡುಗಿಸುತ್ತಿತ್ತೇ ಹೊರತು ಮಾತನ್ನು ಬಿಡಿಸಿ ಹೇಳುತ್ತಿರಲಿಲ್ಲ.

ನಾನು ಸ್ಪೀಕರ್ ಕಟ್ಟಲು ಕುಳಿತದ್ದು ಆ ಪ್ರಶ್ನೆ ನಿಲ್ಲಲಿ ಎಂದು. ಈ ಬರಹದ ಪ್ರತಿ ತೀರ್ಮಾನದ ಹಿಂದೆಯೂ ಇರುವುದು ಅದೇ: ಮೊದಲು ಮಾತು ಸ್ಪಷ್ಟವಾಗಬೇಕು, ಗುಡುಗು ಆಮೇಲೆ. ಜೊತೆಗೆ ನಾವಿರುವುದು ಕಡಲ ಬದಿಯಲ್ಲಿ. ಬೆಂಗಳೂರಿನಲ್ಲಿ ಹದಿನೈದು ವರ್ಷ ಬಾಳುವ ಪೆಟ್ಟಿಗೆ ಇಲ್ಲಿ ಎರಡು ಮಳೆಗಾಲಕ್ಕೆ ಉಬ್ಬಿಹೋಗಬಹುದು.

ಕೆಲಸದ ಕಾಲವನ್ನು ಮೊದಲೇ ನಿಶ್ಚಯಿಸಿಕೊಳ್ಳಿ. ದೀಪಾವಳಿ ಕಳೆದ ಮೇಲೆ ಆರಂಭಿಸಿ, ಪತ್ತನಾಜೆಯ ಹೊತ್ತಿಗೆ ಬಣ್ಣದ ಕೆಲಸ ಮುಗಿಸಿಬಿಡಬೇಕು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ, ಮೇ ಕೊನೆಯ ಆ ದಿನದ ನಂತರ ಇಲ್ಲಿ ಅಂಟೂ ಬೇಗ ಒಣಗುವುದಿಲ್ಲ, ಪಾಲಿಶೂ ಒಣಗುವುದಿಲ್ಲ.

ಮೊದಲು ಕೋಣೆ

ಸ್ಪೀಕರಿಗೆ ದುಡ್ಡು ಹಾಕುವ ಮೊದಲು ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ನಮ್ಮ ಕಡೆಯ ಮನೆಗಳಲ್ಲಿ ಗಾರೆ ಮಾಡಿದ ಕೆಂಪುಕಲ್ಲಿನ ಗೋಡೆ, ಕೆಳಗೆ ಕಾವಿ ನೆಲವೋ ಟೈಲ್ಸೋ. ಎಲ್ಲವೂ ಗಟ್ಟಿ, ಎಲ್ಲವೂ ಸದ್ದನ್ನು ಹಿಂದಕ್ಕೆ ಎಸೆಯುವಂಥವು. ಚಪ್ಪಾಳೆಯ ಬಾಲಕ್ಕೆ "ಝರ್ರ್" ಎಂಬ ಕಂಪನ ಅಂಟಿಕೊಂಡು ಬಂದರೆ, ಎಷ್ಟು ಒಳ್ಳೆಯ ಸ್ಪೀಕರ್ ಇಟ್ಟರೂ ಮಾತಿನ ವ್ಯಂಜನಗಳು ಅದರಲ್ಲಿ ಕಲಸಿಹೋಗುತ್ತವೆ. ನೆಲಕ್ಕೆ ದಪ್ಪ ಜಮಖಾನ, ಕಿಟಕಿಗೆ ಭಾರದ ಪರದೆ, ಹಿಂದಿನ ಗೋಡೆಗೆ ಪುಸ್ತಕ ತುಂಬಿದ ಕಪಾಟು, ಇಷ್ಟರಿಂದಲೇ ಅರ್ಧ ಕೆಲಸ ಆಗುತ್ತದೆ. ಉಳಿದದ್ದಕ್ಕೆ 50 ಮಿ.ಮೀ. ದಪ್ಪದ ರಾಕ್‌ವೂಲ್ ಹಲಗೆಗಳನ್ನು ಮರದ ಚೌಕಟ್ಟಿನಲ್ಲಿ ಕೂರಿಸಿ, ಗಾಳಿಯಾಡುವ ಬಟ್ಟೆ ಹೊದಿಸಿ, ಪಕ್ಕದ ಗೋಡೆಗಳಿಗೆ ತೂಗುಹಾಕಬಹುದು. ಎಲ್ಲಿ ತೂಗುಹಾಕಬೇಕು? ನೀವು ಸೋಫಾದಲ್ಲಿ ಕುಳಿತು, ಇನ್ನೊಬ್ಬರಿಗೆ ಗೋಡೆಯ ಮೇಲೆ ಕನ್ನಡಿ ಸರಿಸುತ್ತ ಹೋಗಲು ಹೇಳಿ. ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗವೇ ಸರಿಯಾದ ಜಾಗ. ತೆಂಗಿನ ನಾರಿನ ಚಾಪೆಯನ್ನು ಗೋಡೆಗೆ ಹೊಡೆಯುವ ಆಸೆ ನನಗೂ ಇತ್ತು. ಆದರೆ ಜುಲೈ ಹೊತ್ತಿಗೆ ಅದಕ್ಕೆ ಬೂಷ್ಟು ಹಿಡಿಯಿತು.

ಕೋಣೆಯ ಅಳತೆಯನ್ನೂ ಬರೆದಿಟ್ಟುಕೊಳ್ಳಿ. ನಮ್ಮದು 15 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. ನಮ್ಮ ಸೆಖೆಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 348 ಮೀಟರ್. ಅದನ್ನು ಮೀಟರಿಗೆ ಬದಲಿಸಿದ ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ 38 ಹರ್ಟ್ಸ್ ಬರುತ್ತದೆ, ಅಗಲಕ್ಕೆ 48, ಎತ್ತರಕ್ಕೆ 57. ಈ ಮೂರು ಕಂಪನಾಂಕಗಳಲ್ಲಿ ಕೋಣೆ ತಾನಾಗಿಯೇ ಗುಂಯ್‌ಗುಡುತ್ತದೆ. ಬರೀ ಬಾಸ್ ನುಡಿಸುವ ಸಬ್‌ವೂಫರ್ ಇಡುವಾಗ ಈ ಅಂಕೆಗಳು ಬೇಕಾಗುತ್ತವೆ.

ಎಷ್ಟು ಸ್ಪೀಕರ್, ಎಂಥದು

5.1 ಸಾಕು. ಎಡ, ನಡು, ಬಲ ಎಂದು ಮುಂದೆ ಮೂರು, ಅಕ್ಕಪಕ್ಕ ಸ್ವಲ್ಪ ಹಿಂದಕ್ಕೆ ಎರಡು, ಒಂದು ಸಬ್‌ವೂಫರ್. ಸಿನಿಮಾದಲ್ಲಿ ಮಾತಿನ ಬಹುಪಾಲು ನಡುವಿನ ಸ್ಪೀಕರಿನಿಂದ ಬರುತ್ತದೆ. ಹಾಗಾಗಿ ನನ್ನ ಖಚಿತ ಅಭಿಪ್ರಾಯ: ಮುಂದಿನ ಮೂರೂ ಒಂದೇ ಅಚ್ಚಿನವಾಗಿರಲಿ, ಮೂರೂ ನಿಂತೇ ಇರಲಿ. ಟಿವಿಯ ಕೆಳಗೆ ಅಡ್ಡ ಮಲಗಿಸುವ, ನಡುವೆ ಟ್ವೀಟರ್ (ಕೀರುಸದ್ದಿನದ್ದು) ಮತ್ತು ಎರಡೂ ಕಡೆ ವೂಫರ್ (ತಗ್ಗು ಮತ್ತು ನಡುಸದ್ದಿನದ್ದು) ಇರುವ ಉದ್ದನೆಯ ಪೆಟ್ಟಿಗೆ ನೋಡಲು ಚೆಂದ. ಆದರೆ ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಕುಳಿತವರಿಗೆ ಎರಡು ವೂಫರುಗಳ ಸದ್ದು ಬೇರೆಬೇರೆ ಹೊತ್ತಿಗೆ ತಲುಪುತ್ತದೆ. ಎರಡೂ ಒಂದನ್ನೊಂದು ಕಳೆದುಕೊಂಡು ಮಾತಿನ ಪಟ್ಟಿಯಲ್ಲೇ ಗುಂಡಿ ಬೀಳುತ್ತದೆ. ನಮ್ಮಲ್ಲಿ ಸಿನಿಮಾ ನೋಡುವುದು ಒಬ್ಬರಲ್ಲ. ಅಜ್ಜಿ ಒಂದು ಮೂಲೆಯಲ್ಲಿ, ಮಕ್ಕಳು ನೆಲದ ಮೇಲೆ. ಟಿವಿಯನ್ನು ಒಂದು ಗೇಣು ಮೇಲೆ ಸರಿಸಿ, ಅದರಡಿಗೆ ಸಾಮಾನ್ಯ ಸ್ಪೀಕರನ್ನೇ ನಿಲ್ಲಿಸಿ, ಕೇಳುವವರ ಕಿವಿಯತ್ತ ತುಸು ಮೇಲಕ್ಕೆ ಓರೆ ಮಾಡಿ.

ಪಕ್ಕದ ಎರಡಕ್ಕೆ ಇಷ್ಟು ಶ್ರಮ ಬೇಡ. ಅದೇ ಟ್ವೀಟರ್, 4 ಅಥವಾ 5 ಇಂಚಿನ ವೂಫರ್, ಚಿಕ್ಕ ಮುಚ್ಚಿದ ಪೆಟ್ಟಿಗೆ ಸಾಕು.

ಡ್ರೈವರ್ ಆರಿಸುವುದು

ಡ್ರೈವರ್ ಎಂದರೆ ಪೆಟ್ಟಿಗೆಯೊಳಗೆ ಕೂರುವ ಬಿಡಿ ವೂಫರ್, ಟ್ವೀಟರ್. ಅಂಗಡಿಯ ಮಾತಿನಲ್ಲಿ "ಇಷ್ಟು ವ್ಯಾಟ್" ಎಂಬುದೇ ದೊಡ್ಡದು, ನಮ್ಮ ಕೆಲಸಕ್ಕೆ ಅದು ಕೊನೆಯ ಸಂಗತಿ. ನಮಗೆ ಬೇಕಾದದ್ದು ಥೀಲ್-ಸ್ಮಾಲ್ ಅಂಕೆಗಳು. ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿ, ಆಮೇಲೆ ಸಿಡ್ನಿಯಲ್ಲಿ ಓದಿದ ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ ಬರೆದ ಪ್ರಬಂಧಗಳಿಂದಾಗಿ, ಪೆಟ್ಟಿಗೆ ಎಷ್ಟು ದೊಡ್ಡದಿರಬೇಕು ಎಂಬುದು ಊಹೆಯಿಂದ ಲೆಕ್ಕಕ್ಕೆ ಬಂತು. ಈ ಅಂಕೆಗಳನ್ನು ಕೊಡದ ಡ್ರೈವರನ್ನು ಎಷ್ಟು ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ.

ಮೂರು ಅಂಕೆ ಮುಖ್ಯ. ಎಫ್‌ಎಸ್ ಎಂದರೆ ಡ್ರೈವರ್ ಬಯಲಿನಲ್ಲಿ ತಾನಾಗಿ ತೂಗುವ ಕಂಪನಾಂಕ. ಕ್ಯೂಟಿಎಸ್ ಎಂದರೆ ಆ ತೂಗಾಟಕ್ಕೆ ಎಷ್ಟು ಬಿಗಿ ಹಿಡಿತ ಇದೆ ಎಂಬುದು. ವಿಎಎಸ್ ಎಂದರೆ ಕೋನಿನ (ವೂಫರಿನಲ್ಲಿ ಹಿಂದೆಮುಂದೆ ಅಲುಗಿ ಸದ್ದು ಮಾಡುವ ಬಟ್ಟಲಿನ) ತೂಗುಪಟ್ಟಿಯಷ್ಟೇ ಮಿದುವಾದ ಗಾಳಿ ಎಷ್ಟು ಲೀಟರ್ ಎಂಬುದು. ನನ್ನ 6.5 ಇಂಚಿನ ವೂಫರಿಗೆ ಇವು 40 ಹರ್ಟ್ಸ್, 0.40 ಮತ್ತು 24 ಲೀಟರ್. ಮುಂದಿನ ಲೆಕ್ಕವೆಲ್ಲ ಇದರದ್ದೇ. ನಿಮ್ಮ ಡ್ರೈವರಿಗೆ ನಿಮ್ಮ ಅಂಕೆ ಹಾಕಿಕೊಳ್ಳಿ.

ನಮ್ಮ ಊರಿಗೆ ಇನ್ನೊಂದು ಷರತ್ತಿದೆ. ಕೋನಿನ ಅಂಚಿನಲ್ಲಿ ಮಡಿಕೆಯಂತಿರುವ ಪಟ್ಟಿ ರಬ್ಬರಿನದ್ದೇ ಆಗಿರಬೇಕು. ಫೋಮಿನದ್ದು ತೇವದ ಗಾಳಿಗೆ ಪುಡಿಪುಡಿಯಾಗಿ ಉದುರುತ್ತದೆ. ಕೋನು ಪಾಲಿಪ್ರೊಪಿಲೀನ್ ಅಥವಾ ಲೇಪ ಹಚ್ಚಿದ ಕಾಗದದ್ದಾದರೆ ಒಳ್ಳೆಯದು.

ಟ್ವೀಟರಿಗೆ 1 ಇಂಚಿನ ಬಟ್ಟೆಯ ಗುಮ್ಮಟದ್ದನ್ನು ತೆಗೆದುಕೊಳ್ಳಿ. ಅದರ ಎಫ್‌ಎಸ್ 1000 ಹರ್ಟ್ಸ್‌ಗಿಂತ ಕೆಳಗಿರಲಿ, ಏಕೆಂದರೆ ಅದರ ಎರಡರಷ್ಟಕ್ಕಿಂತ ಕೆಳಗೆ ಟ್ವೀಟರನ್ನು ದುಡಿಸಬಾರದು. ಇನ್ನೊಂದು ಕಡೆಯಿಂದ ವೂಫರಿನ ಮಿತಿ: ಅದರ ಕೋನು ಸುಮಾರು 13 ಸೆಂ.ಮೀ. ಅಗಲ, ಸದ್ದಿನ ಅಲೆಯ ಉದ್ದ ಅಷ್ಟೇ ಆಗುವುದು 2,600 ಹರ್ಟ್ಸ್ ಆಸುಪಾಸಿನಲ್ಲಿ. ಅದರಿಂದ ಮೇಲೆ ವೂಫರಿನ ಸದ್ದು ಟಾರ್ಚಿನ ಬೆಳಕಿನಂತೆ ಮುಂದಕ್ಕಷ್ಟೇ ಹೋಗುತ್ತದೆ, ಪಕ್ಕದಲ್ಲಿ ಕುಳಿತವರಿಗೆ ಮಂಕು. ಈ ಎರಡು ಮಿತಿಗಳ ನಡುವೆ, 2,500 ಹರ್ಟ್ಸ್‌ನಲ್ಲಿ, ಕೆಲಸ ವೂಫರಿನಿಂದ ಟ್ವೀಟರಿಗೆ ಕೈಬದಲಾಗಬೇಕು.

ಪೆಟ್ಟಿಗೆಯ ಲೆಕ್ಕ

ತೂತು ಬಿಟ್ಟು ಕೊಳವೆ ಇಡುವ ಪೆಟ್ಟಿಗೆಯೋ ಪೂರ್ತಿ ಮುಚ್ಚಿದ ಪೆಟ್ಟಿಗೆಯೋ ಎಂಬ ಚರ್ಚೆ ಹಳೆಯದು. ಕೊಳವೆ ಇದ್ದರೆ ಬಾಸ್ ಇನ್ನೂ ಕೆಳಗಿಳಿಯುತ್ತದೆ, ನಿಜ. ನಾನು ಮುಚ್ಚಿದ್ದನ್ನೇ ಹಿಡಿದಿದ್ದೇನೆ, ಕಾರಣ ಎರಡು. ಒಂದು, ಕೊಳವೆಯ ದಾರಿಯಲ್ಲಿ ನಮ್ಮಲ್ಲಿ ತೇವ, ಇರುವೆ, ಹಲ್ಲಿ ಎಲ್ಲವೂ ಒಳಹೊಗುತ್ತವೆ. ಎರಡು, ಬಾಸಿನ ಹೊರೆ ಹೇಗೂ ಸಬ್‌ವೂಫರಿನದ್ದು.

ಲೆಕ್ಕ ಸರಳ. ಮುಚ್ಚಿದ ಪೆಟ್ಟಿಗೆಯಲ್ಲಿ ಕೂತ ಮೇಲೆ ಡ್ರೈವರಿನ ಕ್ಯೂ, ಅಂದರೆ ಆ ಹಿಡಿತದ ಅಂಕೆ, 0.707ಕ್ಕೆ ಬರಬೇಕು. 0.707ನ್ನು 0.40ರಿಂದ ಭಾಗಿಸಿದರೆ 1.77, ಅದರ ವರ್ಗ 3.12, ಅದರಲ್ಲಿ ಒಂದು ಕಳೆದರೆ 2.12. ವಿಎಎಸ್ ಆದ 24 ಲೀಟರನ್ನು 2.12ರಿಂದ ಭಾಗಿಸಿ: 11.3 ಲೀಟರ್. ಪೆಟ್ಟಿಗೆಯೊಳಗೆ ತೂಗುವ ಹೊಸ ಕಂಪನಾಂಕ 40ನ್ನು 1.77ರಿಂದ ಗುಣಿಸಿದಷ್ಟು, ಅಂದರೆ 71 ಹರ್ಟ್ಸ್.

ಈ 71 ನನಗೆ ಬಹಳ ಹಿಡಿಸಿದ ಅಂಕೆ. ಎಲ್ಲ ಸ್ಪೀಕರುಗಳಿಗೂ ಸದ್ದು ಹಂಚುವ ಎವಿ ರಿಸೀವರಿನಲ್ಲಿ ಬಾಸನ್ನು ಸಬ್‌ವೂಫರಿಗೆ ತಿರುಗಿಸುವ ಗಡಿ ಸಾಮಾನ್ಯವಾಗಿ 80 ಹರ್ಟ್ಸ್. ರಿಸೀವರ್ ಅಲ್ಲಿಂದ ಕೆಳಗೆ ಆಕ್ಟೇವಿಗೆ (ಕಂಪನಾಂಕ ಅರ್ಧವಾದಾಗಲೆಲ್ಲ) 12 ಡೆಸಿಬೆಲ್ ಇಳಿಸುತ್ತದೆ, ಮುಚ್ಚಿದ ಪೆಟ್ಟಿಗೆಯೂ ತಾನಾಗಿ ಹೆಚ್ಚುಕಡಿಮೆ ಅಲ್ಲಿಂದಲೇ 12 ಇಳಿಯುತ್ತದೆ. ಎರಡೂ ಕೂಡಿ 24. ಸಬ್‌ವೂಫರ್ ಮೇಲ್ಮುಖವಾಗಿ ಇಳಿಯುವುದೂ 24. ಹಾಗಾಗಿ ಇಬ್ಬರ ಹೆಗಲೂ ಒಂದೇ ಎತ್ತರದಲ್ಲಿ ಕೂಡುತ್ತದೆ. ಗಂಡುದನಿಯ ಬುಡ 100 ಹರ್ಟ್ಸ್ ಸುತ್ತಮುತ್ತ ಇರುವುದರಿಂದ, ಈ ಸಂದಿಯಲ್ಲಿ ಒರಟುತನ ಇದ್ದರೆ ಮಾತು ಎದೆಯಿಂದ ಬಂದಂತೆ ಕೇಳುವುದಿಲ್ಲ, ಡ್ರಮ್ಮಿನೊಳಗಿಂದ ಬಂದಂತೆ ಕೇಳುತ್ತದೆ.

ಡ್ರೈವರಿನ ಬೆನ್ನು, ಒಳಗಿನ ಆಧಾರಪಟ್ಟಿ, ಕ್ರಾಸ್‌ಓವರ್ (ಸದ್ದನ್ನು ವೂಫರಿಗೂ ಟ್ವೀಟರಿಗೂ ಹಂಚುವ ಸರ್ಕಿಟ್) ಸೇರಿ ಸುಮಾರು ಒಂದು ಲೀಟರ್ ನುಂಗುತ್ತವೆ. ಆದ್ದರಿಂದ ಒಳ ಅಳತೆ 184 × 324 × 206 ಮಿ.ಮೀ. ಇಟ್ಟೆ, ಅದು 12.3 ಲೀಟರ್. 18 ಮಿ.ಮೀ. ಪ್ಲೈವುಡ್‌ನಲ್ಲಿ, ಮುಂದಿನ ಹಲಗೆ ಮಾತ್ರ ಎರಡು ಪದರ, ಹೊರ ಅಳತೆ 220 ಅಗಲ, 360 ಎತ್ತರ, 260 ಆಳ. ಒಂದು ಪೆಟ್ಟಿಗೆಗೆ ಬೇಕಾದ ತುಂಡುಗಳು ಹೀಗೆ:

- ಮುಂದೆ ಎರಡು, ಹಿಂದೆ ಒಂದು: 220 × 360 ಮಿ.ಮೀ., ಮೂರು ತುಂಡು
- ಪಕ್ಕಗಳು: 360 × 206 ಮಿ.ಮೀ., ಎರಡು ತುಂಡು
- ಮೇಲೆ, ಕೆಳಗೆ ಮತ್ತು ನಡುವಿನ ಆಧಾರಪಟ್ಟಿ: 184 × 206 ಮಿ.ಮೀ., ಮೂರು ತುಂಡು

ಮೂರು ಪೆಟ್ಟಿಗೆಗೆ ಒಟ್ಟು ಒಂದೂವರೆ ಚದರ ಮೀಟರ್, ಅಂದರೆ 8 × 4 ಅಡಿ ಶೀಟಿನ ಅರ್ಧ. ಉಳಿದರ್ಧದಲ್ಲಿ ಸಬ್‌ವೂಫರ್ ಪೆಟ್ಟಿಗೆ ಬರುತ್ತದೆ.

ಮರ, ಅಂಟು, ಆಚಾರ್ರು

ಯಕ್ಷಗಾನದ ಚೆಂಡೆಯ ಒಡಲನ್ನು ಹಲಸಿನ ಮರದಿಂದ ಕೊರೆಯುತ್ತಾರೆ, ಅದು ಚರ್ಮದ ಜೊತೆಗೆ ತಾನೂ ನುಡಿಯಬೇಕು. ಸ್ಪೀಕರ್ ಪೆಟ್ಟಿಗೆಯ ಧರ್ಮ ಇದಕ್ಕೆ ತದ್ವಿರುದ್ಧ. ಚೆಂಡೆ ಈಗಾಗಲೇ ಮೈಕಿನ ಮುಂದೆ ನುಡಿದಾಗಿದೆ, ಪೆಟ್ಟಿಗೆ ಅದಕ್ಕೆ ತನ್ನ ದನಿ ಸೇರಿಸಬಾರದು. "ಹಲಸಿನ ಮರದಲ್ಲೇ ಮಾಡುವ, ನಾದ ಒಳ್ಳೆ ಬರ್ತದೆ" ಎಂದು ನಮ್ಮ ಮರಗೆಲಸದ ಆಚಾರ್ರು ಹೇಳಿದಾಗ ಇದನ್ನೇ ವಿವರಿಸಿದೆ. "ಹಾಗಾದ್ರೆ ಮೂಕ ಪೆಟ್ಟಿಗೆ ಬೇಕು ಹೇಳಿ ನಿಮಗೆ" ಎಂದರು ಅವರು. ಅದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುತ್ತಿರಲಿಲ್ಲ.

ಮೂಕ ಪೆಟ್ಟಿಗೆಗೆ ಎಲ್ಲ ಕಡೆಯೂ ಎಂಡಿಎಫ್ ಹಲಗೆಯನ್ನು ಶಿಫಾರಸು ಮಾಡುತ್ತಾರೆ. ನನ್ನ ಮೊದಲ ಜೋಡಿ ಅದರದ್ದೇ. ಎರಡನೇ ಮಳೆಗಾಲಕ್ಕೆ ತಳದ ಅಂಚು ನೆಂದ ಬ್ರೆಡ್ಡಿನಂತೆ ಉಬ್ಬಿ, ಸ್ಕ್ರೂಗಳು ಹಿಡಿತ ಕಳೆದುಕೊಂಡವು. ಕರಾವಳಿಗೆ ಐಎಸ್ 710 ಗುರುತಿನ ಮರೀನ್ ಪ್ಲೈವುಡ್ಡೇ ಸರಿ. ಶೀಟಿನ ಮೇಲೆ ಆ ಮುದ್ರೆ ಇದೆಯೇ ನೋಡಿ, ಅಂಚಿನಲ್ಲಿ ಪದರಗಳ ನಡುವೆ ಪೊಳ್ಳು ಇದೆಯೇ ನೋಡಿ. ಪೊಳ್ಳು ಇದ್ದರೆ ಅದು ಮುಂದೆ ಗಿಲಕಿಯಂತೆ ಸದ್ದು ಮಾಡುತ್ತದೆ. ತುಂಡುಗಳನ್ನು ಪ್ಯಾನೆಲ್ ಸಾ ಇರುವ ಕಡೆ ಯಂತ್ರದಲ್ಲೇ ಕೊಯ್ಯಿಸಿ. ಕೈಗರಗಸದಲ್ಲಿ ಒಂದು ಮಿ.ಮೀ. ಓರೆ ಬಂದರೂ ಸಂದಿಯಲ್ಲಿ ಗಾಳಿ ಸೋರುತ್ತದೆ.

ಜೋಡಿಸುವ ಕ್ರಮ ಹೀಗೆ. ಮೊದಲು ಮುಂದಿನ ಎರಡು ಪದರಗಳನ್ನು ಅಂಟಿಸಿ, ಭಾರ ಹೇರಿ ಒಂದು ದಿನ ಬಿಡಿ. ಅದರಲ್ಲಿ ವೂಫರಿನ ನಡುಬಿಂದು ತಳದಿಂದ 115 ಮಿ.ಮೀ., ಟ್ವೀಟರಿನದ್ದು 255 ಮಿ.ಮೀ. ಎತ್ತರಕ್ಕೆ ಗುರುತು ಹಾಕಿ. ಎರಡರ ನಡುವಿನ 140 ಮಿ.ಮೀ. ಸುಮ್ಮನೆ ಬಂದದ್ದಲ್ಲ: 2,500 ಹರ್ಟ್ಸ್‌ನ ಅಲೆಯ ಉದ್ದ ಹೆಚ್ಚುಕಡಿಮೆ ಅಷ್ಟೇ. ಇದಕ್ಕಿಂತ ದೂರ ಇಟ್ಟರೆ ಎದ್ದುನಿಂತವರಿಗೆ ಒಂದು ಸದ್ದು, ಕುಳಿತವರಿಗೆ ಇನ್ನೊಂದು. ತೂತನ್ನು ರೂಟರಿಗೆ ವೃತ್ತದ ಜಿಗ್ ಹಾಕಿ ಕೊರೆಯಿರಿ, ಡ್ರೈವರಿನ ಅಂಚು ಹಲಗೆಯ ಮಟ್ಟಕ್ಕೆ ಕೂರುವಂತೆ ಮೆಟ್ಟಿಲನ್ನೂ ತೆಗೆಯಿರಿ. ವೂಫರಿನ ತೂತಿನ ಒಳಬದಿಯನ್ನು ಓರೆಯಾಗಿ ಕೆತ್ತಬೇಕು, ಇಲ್ಲದಿದ್ದರೆ 36 ಮಿ.ಮೀ. ದಪ್ಪದ ಹಲಗೆಯಲ್ಲಿ ಕೋನಿನ ಬೆನ್ನಿಗೆ ಉಸಿರಾಡಲು ಜಾಗ ಇರುವುದಿಲ್ಲ.

ಪಕ್ಕ, ಮೇಲೆ, ಕೆಳಗಿನ ತುಂಡುಗಳನ್ನು ಚೌಕಟ್ಟಾಗಿ ಅಂಟಿಸಿ. ಆಧಾರಪಟ್ಟಿಯ ನಡುವಿನಿಂದ ಕಿಟಕಿಯಂತೆ ಅರ್ಧಕ್ಕಿಂತ ಹೆಚ್ಚು ಭಾಗ ತೆಗೆದು, ವೂಫರ್ ತೂತಿಗೂ ಟ್ವೀಟರ್ ತೂತಿಗೂ ನಡುವಿನ ಮಟ್ಟದಲ್ಲಿ ಕೂರಿಸಿ. ಅಂಟು ನೀರು ತಾಳುವಂಥದ್ದಿರಲಿ, ಫೆವಿಕಾಲ್ ಮರೀನ್ ಚೆನ್ನಾಗಿ ಹಿಡಿಯುತ್ತದೆ. ಕ್ಲಾಂಪ್ ಬಿಗಿದಾಗ ಸಂದಿಯುದ್ದಕ್ಕೂ ಅಂಟು ಹೊರಗೆ ಒಸರಬೇಕು. ಮೊಳೆ ಬೇಡ. ಸ್ಕ್ರೂ ಹಾಕುವುದಿದ್ದರೆ ಸ್ಟೇನ್‌ಲೆಸ್ ಸ್ಟೀಲಿನದ್ದೇ ಹಾಕಿ, ಕಡಲ ಗಾಳಿಗೆ ಕಬ್ಬಿಣದ್ದು ತುಕ್ಕು ಹಿಡಿದು ಮರವನ್ನೂ ಕಪ್ಪು ಮಾಡುತ್ತದೆ.

ಬಣ್ಣವೋ ಪಾಲಿಶೋ ನಿಮ್ಮ ಇಷ್ಟ, ಆದರೆ ಸೀಲರ್ ಮಾತ್ರ ಒಳಗೂ ಹೊರಗೂ ಎರಡೆರಡು ಕೈ ಹೊಡೆಯಲೇಬೇಕು. ಹೊರಗೆ ಮಾತ್ರ ಹೊಡೆದರೆ ಒಳಬದಿ ತೇವ ಕುಡಿದು ಹಲಗೆ ಬಾಗುತ್ತದೆ. ಕೊರೆದ ತೂತುಗಳ ಅಂಚನ್ನು ಮರೆಯಬೇಡಿ, ನೀರು ಮೊದಲು ನುಗ್ಗುವುದೇ ಅಲ್ಲಿಂದ.

ಒಳಗೆ ತುಂಬಲು ದಿಂಬಿಗೆ ಹಾಕುವ ರೆಕ್ರಾನ್ ಸಾಕು. ಹಿತ್ತಿಲಿನ ಬೂರುಗದ ಹತ್ತಿ ಬೇಡ, ತೇವ ಹೀರಿ ಗಂಟುಗಟ್ಟುತ್ತದೆ. ರೆಕ್ರಾನನ್ನು ಒತ್ತಿ ತುರುಕದೆ ಸಡಿಲವಾಗಿ, ಪೆಟ್ಟಿಗೆಯ ತುಂಬ ಹರಡಿ.

ಸೋರಿಕೆ ಇದೆಯೇ ಎಂದು ನೋಡಲು ಡ್ರೈವರ್ ಬಿಗಿದ ಮೇಲೆ ವೂಫರಿನ ಕೋನನ್ನು ಮೆಲ್ಲಗೆ ಒಳಕ್ಕೆ ಒತ್ತಿ ಬಿಡಿ. ನಿಧಾನವಾಗಿ ಮರಳಿದರೆ ಪೆಟ್ಟಿಗೆ ಬಿಗಿಯಾಗಿದೆ. ತಟ್ಟನೆ ಮರಳಿದರೆ, 30 ಹರ್ಟ್ಸ್‌ನ ಸದ್ದು ಮೆಲ್ಲಗೆ ಹಾಕಿ, ಹಚ್ಚಿದ ಊದುಬತ್ತಿಯನ್ನು ಸಂದಿಗಳ ಹತ್ತಿರ ಹಿಡಿಯಿರಿ. ಹೊಗೆ ನಡುಗಿದಲ್ಲಿ ಸೋರಿಕೆ.

ಅಂಗಳದಲ್ಲಿ ಅಳತೆ

ಕ್ರಾಸ್‌ಓವರ್ ಮಾಡುವ ಮೊದಲು ಡ್ರೈವರುಗಳನ್ನು ನಿಮ್ಮ ಪೆಟ್ಟಿಗೆಯಲ್ಲಿ ಕೂರಿಸಿ ಅಳೆಯಬೇಕು. ಕಂಪನಿ ಕೊಡುವ ಗೆರೆ (ಯಾವ ಕಂಪನಾಂಕಕ್ಕೆ ಎಷ್ಟು ಸದ್ದು ಎಂಬ ನಕ್ಷೆ) ದೊಡ್ಡ ಹಲಗೆಯ ಮೇಲೆ ಅಳೆದದ್ದು, ನಿಮ್ಮ 220 ಮಿ.ಮೀ. ಅಗಲದ ಪೆಟ್ಟಿಗೆಯದ್ದಲ್ಲ. ಇಷ್ಟಕ್ಕೆ ಒಂದು ಯುಎಸ್‌ಬಿ ಅಳತೆ ಮೈಕು, ಅದರ ತಿದ್ದುಪಡಿ ಫೈಲು, ಲ್ಯಾಪ್‌ಟಾಪಿನಲ್ಲಿ ರೂಮ್ ಇಕ್ಯೂ ವಿಝರ್ಡ್ ಎಂಬ ಉಚಿತ ತಂತ್ರಾಂಶ ಸಾಕು.

ನಮ್ಮ ಊರಿನ ಮನೆಗಳ ದೊಡ್ಡ ಭಾಗ್ಯ ಅಂಗಳ. ನಗರದ ಫ್ಲ್ಯಾಟಿನಲ್ಲಿ ಗೋಡೆಯ ಪ್ರತಿಧ್ವನಿ ತಪ್ಪಿಸಲು ಒದ್ದಾಡಬೇಕು, ಇಲ್ಲಿ ಸ್ಪೀಕರನ್ನು ಒಂದೂವರೆ ಮೀಟರ್ ಎತ್ತರದ ಸ್ಟೂಲಿನ ಮೇಲೆ ಅಂಗಳದ ನಡುವೆ ಇಟ್ಟರಾಯಿತು. ಮೈಕು ಅದೇ ಎತ್ತರದಲ್ಲಿ, ಒಂದು ಮೀಟರ್ ಮುಂದೆ, ಟ್ವೀಟರಿಗೆ ನೇರವಾಗಿ. ನೆಲದಿಂದ ಪುಟಿದ ಸದ್ದು ನೇರ ಸದ್ದಿಗಿಂತ ಸುಮಾರು 6 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ತಂತ್ರಾಂಶದಲ್ಲಿ ಅದಕ್ಕೆ ಮೊದಲೇ ಕತ್ತರಿಸಿದರೆ ಸುಮಾರು 160 ಹರ್ಟ್ಸ್‌ನಿಂದ ಮೇಲಿನದ್ದೆಲ್ಲ ಶುದ್ಧವಾಗಿ ಸಿಗುತ್ತದೆ. ಅದರ ಕೆಳಗಿನದಕ್ಕೆ ಮೈಕನ್ನು ವೂಫರಿನ ನಡುವಿನಿಂದ ಅರ್ಧ ಸೆಂ.ಮೀ. ದೂರಕ್ಕೆ ತಂದು ಬೇರೆ ಅಳತೆ ತೆಗೆದು, ಎರಡನ್ನೂ ಹೊಲಿಯಬೇಕು. ಗಾಳಿಯಿಲ್ಲದ ಬೆಳಿಗ್ಗೆ ಇದಕ್ಕೆ ಒಳ್ಳೆಯ ಹೊತ್ತು. ಸಂಜೆಯಾದರೆ ಜೀರುಂಡೆಗಳ ಸದ್ದು ಟ್ವೀಟರಿನ ಅಳತೆಯಲ್ಲಿ ಸೇರಿಬಿಡುತ್ತದೆ.

ವೂಫರ್, ಟ್ವೀಟರ್ ಎರಡನ್ನೂ ಒಂದೊಂದಾಗಿ, ಮೈಕು ಅಲುಗಿಸದೆ ಅಳೆಯಿರಿ. ಟ್ವೀಟರಿಗೆ ಸರಣಿಯಲ್ಲಿ 20 ಮೈಕ್ರೋಫ್ಯಾರಡಿನ ಕೆಪಾಸಿಟರ್ ಹಾಕಿದ ಮೇಲಷ್ಟೇ ಆಂಪ್ಲಿಫೈಯರ್ ಹಚ್ಚಬೇಕು. ತಪ್ಪಿ ಒಮ್ಮೆ ಬಾಸ್ ನುಗ್ಗಿದರೂ ಅದರ ಕೂದಲೆಳೆಯ ಕಾಯಿಲ್ ಸುಟ್ಟೇಹೋಗುತ್ತದೆ. 15 ಮತ್ತು 30 ಡಿಗ್ರಿ ಪಕ್ಕದಿಂದಲೂ ಅಳೆದಿಡಿ. ಎರಡರ ಇಂಪಿಡೆನ್ಸ್ (ಕಂಪನಾಂಕಕ್ಕೆ ತಕ್ಕಂತೆ ಬದಲಾಗುವ ರೋಧ) ಗೆರೆಯೂ ಬೇಕು.

ಕ್ರಾಸ್‌ಓವರ್: ಮಾತು ಗೆಲ್ಲುವುದೋ ಸೋಲುವುದೋ ಇಲ್ಲೇ

ವ್ಯಂಜನಗಳ ಸ್ಪಷ್ಟತೆ 1,000ದಿಂದ 4,000 ಹರ್ಟ್ಸ್ ನಡುವೆ ಹೆಚ್ಚು ನಿಂತಿದೆ. ನಮ್ಮ ಕೈಬದಲು 2,500ರಲ್ಲಿ, ಅದರ ನಟ್ಟನಡುವೆ. ಇಲ್ಲಿ ಗುಂಡಿ ಬಿದ್ದರೆ "ತ"ವೂ "ಪ"ವೂ ಒಂದೇ ಆಗುತ್ತದೆ, ಗುಡ್ಡ ಎದ್ದರೆ ಕಿವಿ ಚುಚ್ಚುತ್ತದೆ.

ನಾನು ಹಿಡಿದ ಗುರಿ ಲಿಂಕ್‌ವಿಟ್ಝ್-ರೈಲಿ ಎಂಬ ಇಳಿಜಾರು, ಹ್ಯೂಲೆಟ್ ಪ್ಯಾಕರ್ಡ್‌ನಲ್ಲಿದ್ದ ಇಬ್ಬರು ಎಂಜಿನಿಯರುಗಳು 1970ರ ದಶಕದಲ್ಲಿ ರೂಪಿಸಿದ್ದು. ಇದರಲ್ಲಿ ಎರಡೂ ಡ್ರೈವರ್‌ಗಳು ಕೈಬದಲಿನ ಬಿಂದುವಿನಲ್ಲಿ 6 ಡೆಸಿಬೆಲ್ ಇಳಿದಿದ್ದು, ಕೂಡಿದಾಗ ಗೆರೆ ಸಮತಟ್ಟಾಗುತ್ತದೆ. 8 ಓಮಿಗೆ 2,500 ಹರ್ಟ್ಸ್‌ನಲ್ಲಿ ಎರಡನೇ ದರ್ಜೆಯ (ಆಕ್ಟೇವಿಗೆ 12 ಡೆಸಿಬೆಲ್) ಇಳಿಜಾರಿಗೆ ಪುಸ್ತಕದ ಲೆಕ್ಕ: 1 ಮಿಲಿಹೆನ್ರಿ ಕಾಯಿಲ್, 4 ಮೈಕ್ರೋಫ್ಯಾರಡ್ ಕೆಪಾಸಿಟರ್. ವೂಫರಿಗೆ ಕಾಯಿಲ್ ಸರಣಿಯಲ್ಲಿ, ಕೆಪಾಸಿಟರ್ ಅಡ್ಡಕ್ಕೆ, ಅಂದರೆ ಪ್ಲಸ್ ಮೈನಸ್ ನಡುವೆ. ಟ್ವೀಟರಿಗೆ ಇದರ ತಿರುವುಮುರುವು, ಮತ್ತು ಟ್ವೀಟರಿನ ಪ್ಲಸ್-ಮೈನಸ್ ಅದಲುಬದಲು.

ಆದರೆ ಯಾವ ಡ್ರೈವರೂ ಎಲ್ಲ ಕಡೆ 8 ಓಮ್ ಇರುವುದಿಲ್ಲ. ವೂಫರಿನ ಕಾಯಿಲಿನ ಗುಣದಿಂದ ಮೇಲೆ ಹೋದಂತೆ ಓಮ್ ಏರುತ್ತದೆ, ಪುಸ್ತಕದ ಲೆಕ್ಕ ಅಲ್ಲೇ ಕುಸಿಯುತ್ತದೆ. ಅದನ್ನು ಹಿಡಿದುನಿಲ್ಲಿಸಲು ವೂಫರಿಗೆ ಅಡ್ಡಲಾಗಿ ಒಂದು ರೆಸಿಸ್ಟರ್ ಮತ್ತು ಕೆಪಾಸಿಟರ್ ಸರಣಿಯಾಗಿ ಹಾಕುತ್ತಾರೆ, ಝೋಬೆಲ್ ಎನ್ನುತ್ತಾರೆ. ನನ್ನ ವೂಫರಿನ ಡಿಸಿ ರೋಧ 5.8 ಓಮ್, ಕಾಯಿಲ್ 0.6 ಮಿಲಿಹೆನ್ರಿ. ರೋಧದ ಒಂದೂಕಾಲು ಪಾಲು ಸುಮಾರು 7.3 ಓಮ್, ಅದಕ್ಕೆ 7.5ರ ರೆಸಿಸ್ಟರ್. ಕಾಯಿಲಿನ ಹೆನ್ರಿಯನ್ನು ಆ 7.3ರ ವರ್ಗದಿಂದ ಭಾಗಿಸಿದರೆ 11.4, ಅದಕ್ಕೆ 12 ಮೈಕ್ರೋಫ್ಯಾರಡ್.

ಇನ್ನೊಂದು ಮುಖ್ಯ ಸಂಗತಿ ಪೆಟ್ಟಿಗೆಯ ಅಗಲದ್ದು. ಸಣ್ಣ ಅಲೆಗಳನ್ನು ಮುಂದಿನ ಹಲಗೆ ಎದುರಿಗೆ ತಳ್ಳುತ್ತದೆ, ದೊಡ್ಡ ಅಲೆಗಳು ಪೆಟ್ಟಿಗೆಯನ್ನು ಬಳಸಿ ಹಿಂದಕ್ಕೂ ಹೋಗುತ್ತವೆ. 115 ಎಂಬ ಸ್ಥಿರಾಂಕವನ್ನು ಮೀಟರಿನ ಲೆಕ್ಕದ ಅಗಲದಿಂದ ಭಾಗಿಸಿ: 0.22ಕ್ಕೆ 520 ಹರ್ಟ್ಸ್. ಅದರ ಸುತ್ತಮುತ್ತ ಕೆಳಗಿಳಿದಂತೆ ಸದ್ದು ನಿಧಾನಕ್ಕೆ 6 ಡೆಸಿಬೆಲ್ ತನಕ ಸೊರಗುತ್ತದೆ. ಅಗ್ಗದ ಸೆಟ್ಟುಗಳಲ್ಲಿ ದನಿ ಮೂಗಿನಿಂದ ಬಂದಂತೆ ಕೇಳುವುದಕ್ಕೆ ಇದನ್ನು ತಿದ್ದದಿರುವುದು ದೊಡ್ಡ ಕಾರಣ. ತಿದ್ದಲು ವೂಫರಿನ ಕಾಯಿಲನ್ನು ಪುಸ್ತಕದ ಲೆಕ್ಕಕ್ಕಿಂತ ಹಿರಿದು ಮಾಡಿ ಮೇಲ್ಭಾಗವನ್ನು ತಗ್ಗಿಸುತ್ತೇವೆ. ಗೋಡೆಯ ಹತ್ತಿರ ಇಡುವ ನಮ್ಮಂಥವರಿಗೆ 3 ಡೆಸಿಬೆಲ್ ತಿದ್ದಿದರೆ ಸಾಕು, ಉಳಿದದ್ದನ್ನು ಗೋಡೆ ಕೊಡುತ್ತದೆ. ಆಗ ನನ್ನ 88 ಡೆಸಿಬೆಲ್ಲಿನ (ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ) ವೂಫರ್ 85ಕ್ಕೆ ಬಂತು. ಟ್ವೀಟರ್ 91, ಅದನ್ನು 6 ಇಳಿಸಬೇಕು: ಸರಣಿಯಲ್ಲಿ 3.9 ಓಮ್, ಟ್ವೀಟರಿಗೆ ಅಡ್ಡಲಾಗಿ 8.2 ಓಮ್, 10 ವ್ಯಾಟಿನ ರೆಸಿಸ್ಟರುಗಳು. 85 ಕಡಿಮೆಯಾಯಿತೆಂಬ ಚಿಂತೆ ಬೇಡ. 50 ವ್ಯಾಟಿಗೆ 3 ಮೀಟರ್ ದೂರದಲ್ಲಿ, ಬಯಲಿನ ಲೆಕ್ಕದಲ್ಲೇ, ಒಂದೊಂದು ಸ್ಪೀಕರೂ 92 ಡೆಸಿಬೆಲ್ ಕೊಡುತ್ತದೆ.

ಈ ಅಂಕೆಗಳೆಲ್ಲ ಆರಂಭಕ್ಕೆ ಮಾತ್ರ. ಅಂಗಳದ ಅಳತೆಗಳನ್ನು ವಿಟ್ಯುಯಿಕ್ಸ್‌ಕ್ಯಾಡ್ ಎಂಬ ಉಚಿತ ತಂತ್ರಾಂಶಕ್ಕೆ ಹಾಕಿ, ನೇರದ ಗೆರೆಯೂ ಪಕ್ಕದ ಗೆರೆಯೂ ನಯವಾಗುವ ತನಕ ಬೆಲೆಗಳನ್ನು ತಿದ್ದಿ. ಒಟ್ಟು ಇಂಪಿಡೆನ್ಸ್ ಎಲ್ಲೂ 4 ಓಮಿಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ. ನನಗೆ ಇದಕ್ಕೆ ಮೂರು ವಾರ ಹಿಡಿಯಿತು. ಆ ಮೂರು ವಾರವನ್ನು ಉಳಿಸಲು ಹೋಗಬೇಡಿ, ಅಂಗಡಿಯಲ್ಲಿ ಸಿಗುವ ಸಿದ್ಧ ಕ್ರಾಸ್‌ಓವರ್ ಬೋರ್ಡಿಗೆ ನಿಮ್ಮ ಡ್ರೈವರಿನ ಪರಿಚಯವೇ ಇರುವುದಿಲ್ಲ.

ಕಾಯಿಲನ್ನು ನಾವೇ ಸುತ್ತಬಹುದು. ಪಂಪ್‌ಸೆಟ್ ರಿಪೇರಿಯ ಮೋಟಾರ್ ವೈಂಡಿಂಗ್ ಅಂಗಡಿ ಇಲ್ಲದ ಊರು ನಮ್ಮಲ್ಲಿಲ್ಲ. ಅಲ್ಲಿ 1 ಮಿ.ಮೀ. ದಪ್ಪದ ಎನಾಮಲ್ ತಾಮ್ರದ ತಂತಿ ತೂಕದ ಲೆಕ್ಕದಲ್ಲಿ ಸಿಗುತ್ತದೆ. 25 ಮಿ.ಮೀ. ವ್ಯಾಸ, 25 ಮಿ.ಮೀ. ಉದ್ದದ ಪ್ಲಾಸ್ಟಿಕ್ ಉರುಳೆಯ ಮೇಲೆ ಒತ್ತಾಗಿ 215 ಸುತ್ತು ಬಂದರೆ ಸುಮಾರು 1 ಮಿಲಿಹೆನ್ರಿ, ತಂತಿ 23 ಮೀಟರ್, ರೋಧ ಅರ್ಧ ಓಮ್. ಹತ್ತು ಸುತ್ತು ಹೆಚ್ಚೇ ಹಾಕಿ, ಎಲ್‌ಸಿಆರ್ ಮೀಟರ್ ನೋಡುತ್ತ ಒಂದೊಂದೇ ಬಿಚ್ಚಿ. ಬಲಗೊಳಿಸಲು ಕಬ್ಬಿಣದ ಬೋಲ್ಟ್ ತೂರಿಸಬೇಡಿ, ಬೆಲೆಯೇ ಬದಲಾಗುತ್ತದೆ. ಪ್ಲಾಸ್ಟಿಕ್ ಟೈ ಬಿಗಿಯಿರಿ. ಬೋರ್ಡಿನ ಮೇಲೆ ಎರಡು ಕಾಯಿಲ್‌ಗಳು ದೂರ ಇರಲಿ, ಒಂದು ಮಲಗಿದ್ದರೆ ಇನ್ನೊಂದು ನಿಂತಿರಲಿ.

ಎಲ್ಲ ಬೆಸುಗೆ ಹಾಕಿದ ಮೇಲೆ ಒಂದು ಪರೀಕ್ಷೆ. ಟ್ವೀಟರಿನ ತಂತಿಗಳನ್ನು ಬೇಕೆಂದೇ ತಿರುಗಿಸಿ ಅಳೆಯಿರಿ. 2,500ರಲ್ಲಿ ಆಳವಾದ, ಎರಡೂ ಕಡೆ ಸಮನಾದ ಕಣಿವೆ ಬಿದ್ದರೆ ಇಬ್ಬರೂ ಹೊಂದಿಕೊಂಡಿದ್ದಾರೆ. ಕಣಿವೆ ಕಂಡ ಖುಷಿಯಲ್ಲಿ ತಂತಿಯನ್ನು ಮತ್ತೆ ಸರಿಮಾಡುವುದನ್ನು ಮರೆಯಬೇಡಿ.

ಸಬ್‌ವೂಫರ್

10 ಇಂಚಿನ ಡ್ರೈವರ್, ಎಲ್ಲ ಕಡೆ 380 ಮಿ.ಮೀ. ಇರುವ ಘನಾಕಾರದ ಮುಚ್ಚಿದ ಪೆಟ್ಟಿಗೆ, ಮುಂದೆ ಎರಡು ಪದರ. ಒಳಗೆ ಸುಮಾರು 35 ಲೀಟರ್ ಉಳಿಯುತ್ತದೆ. ಲೆಕ್ಕ ಮೇಲಿನದ್ದೇ, ಡ್ರೈವರಿನ ಅಂಕೆ ಹಾಕಿ ನೋಡಿಕೊಳ್ಳಿ. 150ರಿಂದ 200 ವ್ಯಾಟಿನ ಪ್ಲೇಟ್ ಆಂಪ್ಲಿಫೈಯರನ್ನು ಪೆಟ್ಟಿಗೆಯ ಹಿಂದೆ ಕೂರಿಸಿ. ಅದರಲ್ಲಿ 230 ವೋಲ್ಟ್ ಇರುವುದರಿಂದ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ನೋಡಿಸಿ.

ಜಾಗ ಹುಡುಕುವ ಬಗೆ: ಸಬ್‌ವೂಫರನ್ನು ನೀವು ಕೂರುವ ಸೋಫಾದ ಮೇಲೇ ಇಟ್ಟು, ಬಾಸ್ ಇರುವ ಹಾಡು ಹಾಕಿ, ನೆಲದಲ್ಲಿ ತೆವಳುತ್ತ ಕೋಣೆ ಸುತ್ತಿ. ಎಲ್ಲಿ ಬಾಸಿನ ಪ್ರತಿ ಸ್ವರವೂ ಸಮನಾಗಿ ಕೇಳುತ್ತದೋ ಅಲ್ಲಿ ಪೆಟ್ಟಿಗೆ ಇಡಿ. ನಮ್ಮ ಮನೆಯಲ್ಲಿ ಅದು ಮೂಲೆಯಲ್ಲ, ಪಕ್ಕದ ಗೋಡೆಯ ನಡುವಿಗೆ ಹತ್ತಿರದ ಜಾಗ. 48 ಹರ್ಟ್ಸ್‌ನ ಗುಂಯ್‌ಗಾಟ ಉಳಿದದ್ದನ್ನು ರಿಸೀವರಿನ ಇಕ್ವಲೈಸರಿನಲ್ಲಿ ತಗ್ಗಿಸಿದೆ.

ಕೂರಿಸಿ, ಕೇಳಿ

ಎಡಬಲ ಸ್ಪೀಕರುಗಳು ನೀವು ಕೂರುವ ಜಾಗದಿಂದ ನಡುಗೆರೆಗೆ 30 ಡಿಗ್ರಿ ಆಚೀಚೆ, ಪಕ್ಕದವು 100ರಿಂದ 120 ಡಿಗ್ರಿಗೆ. ಟ್ವೀಟರ್ ಕುಳಿತವರ ಕಿವಿಯ ಮಟ್ಟಕ್ಕಿರಲಿ. ವೈರು 2.5 ಚದರ ಮಿ.ಮೀ. ತಾಮ್ರದ್ದಾದರೆ 5 ಮೀಟರ್ ಓಟಕ್ಕೆ ಹೋಗಿಬರುವ ರೋಧ ಓಮಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಇದಕ್ಕಿಂತ ದುಬಾರಿ ವೈರಿಗೆ ದುಡ್ಡು ಸುರಿಯಬೇಡಿ.

ರಿಸೀವರಿನಲ್ಲಿ ಎಲ್ಲವನ್ನೂ "ಸ್ಮಾಲ್" ಎಂದು ಇಟ್ಟು ಗಡಿ 80 ಹರ್ಟ್ಸ್ ಮಾಡಿ. ಪ್ರತಿ ಸ್ಪೀಕರಿನ ದೂರವನ್ನು ಟೇಪಿನಲ್ಲಿ ಅಳೆದು ತುಂಬಿ, 35 ಸೆಂ.ಮೀ. ತಪ್ಪಿದರೆ ಒಂದು ಮಿಲಿಸೆಕೆಂಡ್ ತಪ್ಪಿದಂತೆ. ಪರೀಕ್ಷಾ ಸದ್ದು ಹಾಕಿ ಎಲ್ಲವೂ ಸೋಫಾದಲ್ಲಿ 75 ಡೆಸಿಬೆಲ್ ಬರುವಂತೆ ಸರಿಹೊಂದಿಸಿ.

ಆಮೇಲೆ ಕಿವಿಯ ಸರದಿ. ನನ್ನ ಪರೀಕ್ಷೆಗೆ ಯಕ್ಷಗಾನದ ಒಳ್ಳೆಯ ಧ್ವನಿಮುದ್ರಣಕ್ಕಿಂತ ಮಿಗಿಲಾದದ್ದು ಸಿಕ್ಕಿಲ್ಲ, ಏಕೆಂದರೆ ಬಯಲಾಟದ ಮುಂದೆ ಕುಳಿತು ಕೇಳಿ ನನಗೆ ಅದರ ನಿಜ ಗೊತ್ತು. ಚೆಂಡೆಯ ಪೆಟ್ಟು ಗರಿಯಂತೆ ಎದ್ದು ತಟ್ಟನೆ ನಿಲ್ಲಬೇಕು. ಬಾಲ ಉಳಿದರೆ ಪೆಟ್ಟಿಗೆಯೋ ಕೋಣೆಯೋ ನುಡಿಯುತ್ತಿದೆ. ಜಾಗಟೆ ಹೊಳೆಯಬೇಕು, ಚುಚ್ಚಬಾರದು. ಮದ್ದಳೆಯ ಎಡ ಬಲ ಬೇರೆಬೇರೆಯಾಗಿ ಕೇಳಬೇಕು. ಈ ಎಲ್ಲದರ ನಡುವೆಯೂ ಭಾಗವತರ ಪದದ ಪ್ರತಿ ಅಕ್ಷರ ಬಿಡಿಸಿ ಬರಬೇಕು. ಬರದಿದ್ದರೆ ಟ್ವೀಟರಿನ 3.9 ಓಮನ್ನು 3.3 ಮಾಡಿ ನೋಡಿ, ಹೆಚ್ಚಾಯಿತೆನಿಸಿದರೆ 4.7. ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಒಂದೆರಡು ದಿನ ಕೇಳಿ, ಆಮೇಲೆ ತೀರ್ಮಾನಿಸಿ.

ಮಳೆಗಾಲಕ್ಕೆ ನಾನು ರಿಸೀವರಿನಲ್ಲಿ ಬೇರೆಯೇ ಒಂದು ಸೆಟ್ಟಿಂಗ್ ಉಳಿಸಿಟ್ಟಿದ್ದೇನೆ: ನಡುವಿನ ಸ್ಪೀಕರ್ 3 ಡೆಸಿಬೆಲ್ ಮೇಲೆ, ಸಬ್‌ವೂಫರ್ 2 ಕೆಳಗೆ, ರಾತ್ರಿ ಹೊತ್ತಿನ ಡೈನಾಮಿಕ್ ರೇಂಜ್ (ಮೆಲುಸದ್ದಿಗೂ ಜೋರುಸದ್ದಿಗೂ ಇರುವ ಅಂತರ) ಹಿಡಿತ ಆನ್.

ವರ್ಷವರ್ಷದ ಆರೈಕೆ

ಬೇಸಿಗೆಯ ಕೊನೆಗೆ ಪ್ರತಿ ಡ್ರೈವರಿನ ಸ್ಕ್ರೂ ಒಮ್ಮೆ ಬಿಗಿಯಿರಿ, ಮರ ಕುಗ್ಗಿ ಸಡಿಲವಾಗಿರುತ್ತದೆ. ವೈರಿನ ತುದಿ ಹಸಿರುಗಟ್ಟಿದ್ದರೆ ಕತ್ತರಿಸಿ, ಹೊಸದಾಗಿ ಸುಲಿದು, ತವರ ಹಚ್ಚಿ. ಪೆಟ್ಟಿಗೆಗಳು ಗೋಡೆಗೆ ತಾಗದೆ ನಾಲ್ಕು ಬೆರಳು ದೂರ ಇರಲಿ, ಕೆಂಪುಕಲ್ಲಿನ ಗೋಡೆ ಮಳೆಗಾಲದಲ್ಲಿ ಬೆವರುತ್ತದೆ. ವಾರಕ್ಕೆರಡು ಸಲವಾದರೂ ಎಲ್ಲವನ್ನೂ ಒಂದು ಗಂಟೆ ಚಾಲೂ ಮಾಡಿ, ಆ ಬಿಸಿಗೆ ಆಂಪ್ಲಿಫೈಯರಿನೊಳಗಿನ ತೇವ ಆರುತ್ತದೆ. ಸಿಡಿಲಿನ ದಿನ ಸ್ವಿಚ್ ಆರಿಸಿದರೆ ಸಾಲದು. ಪ್ಲಗ್ಗನ್ನೂ ಡಿಶ್ಶಿನ ಕೇಬಲನ್ನೂ ಎರಡನ್ನೂ ಕಿತ್ತಿಡಿ, ಮೇ ತಿಂಗಳ ಸಂಜೆಗಳಲ್ಲೂ ಅಕ್ಟೋಬರಿನ ಮಧ್ಯಾಹ್ನಗಳಲ್ಲೂ ಮೋಡ ಕಪ್ಪಾಗುವ ಮೊದಲೇ.